ಸೀಮೆ ಬದನೆಕಾಯಿ ಯಾವ ಸೀಮೆಯದು? ದಂಡಿನ ಅಡುಗೆ ಬರಹಗಳನ್ನು ಶಾಸನದಂತೆ ಓದಿದಾಗ

ಶಾಸನಗಳ ಬಗ್ಗೆ ಬರೆಯೋ ಜಾಗದಲ್ಲಿ ಅಡುಗೆ ಪುಸ್ತಕದ ಮಾತೇಕೆ ಅಂತ ಕೆಲವರು ಹುಬ್ಬೇರಿಸಬಹುದು. ಕಾರಣ ಇಷ್ಟೇ. ಕೆಲವು ವಾರಗಳ ಹಿಂದೆ ದೊಮ್ಮಲೂರಿನ ಚೊಕ್ಕನಾಥಸ್ವಾಮಿ ಗುಡಿಯ ಬಾಗಿಲವಾಡದ ಬರಹಗಳನ್ನು ಇನ್ನೊಮ್ಮೆ ನೋಡಿಕೊಂಡು ಬರುವಾಗ ಹಲಸೂರಿನ ಗೆಳೆಯರೊಬ್ಬರು ಊಟಕ್ಕೆ ಕರೆದರು. ಊಟ ಆದಮೇಲೆ ಅವರ ಅಜ್ಜಿ ಬರೆದಿಟ್ಟ ಅಡುಗೆ ನೋಟ್‌ಬುಕ್ಕನ್ನ ಕೈಗಿಟ್ಟರು. “ನೀವು ಹಳೇದೆಲ್ಲಾ ಓದ್ತೀರಲ್ಲ, ಇದನ್ನೂ ಓದಿ” ಅಂದರು. ತಮಾಷೆಗೆ ಅಂದಿದ್ದು. ಆದರೆ ಅವತ್ತು ಬೆಳಗ್ಗೆ ಕಲ್ಲಿನ ಮುಂದೆ ಎಷ್ಟು ಹೊತ್ತು ಕೂತಿದ್ದೆನೋ, ಮಧ್ಯಾಹ್ನ ಆ ನೋಟ್‌ಬುಕ್ಕಿನ ಮುಂದೆಯೂ ಅಷ್ಟೇ ಹೊತ್ತು ಕೂತೆ.

ಮಾತು ತಮಿಳು, ಅಕ್ಷರ ಕನ್ನಡ. ಮನೆಮಾತು ತಮಿಳಾದರೂ ಆಕೆ ಕಲಿತ ಶಾಲೆ ಕನ್ನಡದ್ದು. ‘ಎಲುಮಿಚ್ಚಂಪಳ ಅಳವು ಪುಳಿ’ ಅಂತ ಒಂದು ಕಡೆ ಇದೆ, ಅಂದರೆ ನಿಂಬೆಹಣ್ಣಿನ ಗಾತ್ರದ ಹುಣಸೆ. ತಮಿಳಿನವರು ನಾಲಿಗೆ ಮಡಿಸಿ ಹೇಳುವ ಆ ‘ೞ’ಕಾರ ಆಕೆಯ ಕೈಯಲ್ಲಿ ‘ಳ’ ಆಗಿದೆ. ಬೇರೆ ದಾರಿ ಇರಲಿಲ್ಲ, ಆಕೆ ಕಲಿತ ಅಕ್ಷರಮಾಲೆಯಲ್ಲಿ ಆ ಅಕ್ಷರವೇ ಇಲ್ಲ. ನಮ್ಮ ಹಳಗನ್ನಡ ಶಾಸನಗಳಲ್ಲಿ ಇದ್ದ ೞ ನಿಧಾನವಾಗಿ ಳ ಜೊತೆ ಬೆರೆತುಹೋದದ್ದು, ಅದನ್ನೇ ನಾವು ಕಾಲನಿರ್ಣಯದ ಒಂದು ಗುರುತಾಗಿ ಬಳಸೋದು, ಇಲ್ಲಿನ ಓದುಗರಿಗೆ ಹೇಳಬೇಕಾಗಿಲ್ಲ.

ತಾರೀಖು ಎಲ್ಲೂ ಇಲ್ಲ. ಆದರೆ ತಾರೀಖಿಲ್ಲದ ಬರಹಕ್ಕೆ ಕಾಲ ಹುಡುಕೋದೇ ನಮ್ಮ ಕಸುಬು ತಾನೇ? ಮೊದಲ ಪುಟಗಳಲ್ಲಿ ‘ಎರಡು ಆಣೆ ಕೊತ್ತಮಲ್ಲಿ’ ಅಂತ ಇದೆ. ನೂರು ನಯೇ ಪೈಸೆಗೆ ಒಂದು ರೂಪಾಯಿ ಅಂತ ಆದದ್ದು 1957ರ ಏಪ್ರಿಲ್‌ನಲ್ಲಿ. ಜನರ ಬಾಯಲ್ಲಿ ಆಣೆ ಇನ್ನೂ ಕೆಲವು ವರ್ಷ ಉಳಿಯಿತು ಅನ್ನೋದನ್ನ ಸೇರಿಸಿಕೊಂಡರೂ, ಆ ಪುಟಗಳು 60ರ ದಶಕದ ಆರಂಭಕ್ಕಿಂತ ಈಚಿನವಲ್ಲ. ಅಕ್ಕಿ ಪಾವಿನಲ್ಲಿ, ಎಣ್ಣೆ ಚಟಾಕಿನಲ್ಲಿ. ಮುಂದೆ ಪೆನ್ಸಿಲ್ ಹೋಗಿ ಬಾಲ್‌ಪೆನ್ ಬರುತ್ತೆ, ಪಾವು ಹೋಗಿ ‘ಕಾಲು ಕೆಜಿ’ ಬರುತ್ತೆ. ಹಳೆಯ ಪೆನ್ಸಿಲ್ ಬರಹದ ಪಕ್ಕದಲ್ಲೇ, ಅಂಚಿನಲ್ಲಿ, ಬೇರೆ ಕೈಯಲ್ಲಿ ‘ಮೂರು ವಿಷಲ್’. ಅಂದರೆ ಮನೆಗೆ ಪ್ರೆಶರ್ ಕುಕ್ಕರ್ ಬಂದಿದೆ, ಪ್ರಾಯಶಃ ಸೊಸೆಯೂ ಬಂದಿದ್ದಾಳೆ. ಒಂದೇ ಕಲ್ಲಿನ ಮೇಲೆ ಮೂಲ ದಾನ, ಅದರ ಕೆಳಗೆ ಇನ್ನೊಬ್ಬ ಅರಸನ ಕಾಲದಲ್ಲಿ ಸೇರಿಸಿದ ಸಾಲು ಇರುತ್ತಲ್ಲ, ಹಾಗೆ.

ಈ ನೋಟ್‌ಬುಕ್ಕನ್ನ ಯಾವ ಕಪಾಟಿನಲ್ಲಿ ಇಡೋದು? ಮನೆಗೆ ಬಂದು ನನ್ನಲ್ಲಿರೋ ಕರ್ನಾಟಕದ ಅಡುಗೆ ಪುಸ್ತಕಗಳನ್ನೆಲ್ಲ ಹರವಿದೆ. ಉಡುಪಿ ಇದೆ, ಮಲೆನಾಡು ಇದೆ, ಉತ್ತರ ಕರ್ನಾಟಕ, ಕೊಡಗು, ಮಂಗಳೂರು, ಹಳೇ ಮೈಸೂರು ಎಲ್ಲಾ ಇವೆ. ‘ಬೆಂಗಳೂರು’ ಅಂತ ಒಂದು ಅಧ್ಯಾಯ ಇದ್ದರೆ ಅದು ಬಸವನಗುಡಿ, ಚಾಮರಾಜಪೇಟೆಯ ಬೆಂಗಳೂರು. ಇಲ್ಲಾ ಅವರೆಕಾಯಿ, ಬಸ್ಸಾರಿನ ಬೆಂಗಳೂರು. ಎರಡೂ ನಿಜವಾದ ಬೆಂಗಳೂರೇ, ತಕರಾರಿಲ್ಲ. ಆದರೆ ಶಿವಾಜಿನಗರದ ದಖ್ಖನಿ ಮನೆಗಳ ದಾಲ್ಚ, ಹಲಸೂರಿನ ತಮಿಳು ಮನೆಗಳ ಕೂಟು, ದಂಡಿನ ಆಂಗ್ಲೋ-ಇಂಡಿಯನ್ ಮನೆಗಳ ಕ್ರಿಸ್‌ಮಸ್ ಕಲ್‌ಕಲ್, ಇವು ನಾನು ನೋಡಿದ ಮಟ್ಟಿಗೆ ಯಾವ ಕನ್ನಡ ಅಡುಗೆ ಪುಸ್ತಕದ ನಕ್ಷೆಯಲ್ಲೂ ಇಲ್ಲ. ಕಬ್ಬನ್ ಪಾರ್ಕ್ ದಾಟಿದ ಕೂಡಲೇ ಕರ್ನಾಟಕದ ಅಡುಗೆ ಮುಗಿದುಹೋಗುತ್ತೆ ಅನ್ನೋ ಹಾಗೆ.

ಇದಕ್ಕೊಂದು ಚರಿತ್ರೆ ಇದೆ, ಗೊತ್ತು. 1809ರಲ್ಲಿ ದಂಡು ನೆಲೆಯಾದಾಗಿನಿಂದ ಅದರದ್ದು ಬೇರೆಯೇ ಬದುಕು. 1881ರಲ್ಲಿ ಮೈಸೂರು ಒಡೆಯರಿಗೆ ರಾಜ್ಯ ಮರಳಿದಾಗಲೂ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಬ್ರಿಟಿಷರ ಕೈಯಲ್ಲೇ ಉಳಿಯಿತು. ಮೈಸೂರಿಗೆ ಅದು ಸೇರಿದ್ದು 1947ರಲ್ಲಿ, ಎರಡು ಪುರಸಭೆಗಳು ಒಂದೇ ಕಾರ್ಪೊರೇಷನ್ ಆದದ್ದು 1949ರಲ್ಲಿ. ಕಾಗದದ ಮೇಲಿನ ಆ ಗಡಿ ಅಳಿಸಿ 75 ವರ್ಷದ ಮೇಲಾಯಿತು. ಅಡುಗೆ ಪುಸ್ತಕದೊಳಗೆ ಮಾತ್ರ ಅದು ಗಟ್ಟಿಯಾಗೇ ಇದೆ.

ಇಲ್ಲಿ ನಮ್ಮ ವಿದ್ಯೆಯ ಹಿರಿಯನೊಬ್ಬನನ್ನು ನೆನೆಯಬೇಕು. ಬಿ. ಎಲ್. ರೈಸ್ 1905ರಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕದ 9ನೇ ಸಂಪುಟವಾಗಿ ತಂದಾಗ ಭಾಷೆ ನೋಡಿ ಕಲ್ಲು ಆರಿಸಲಿಲ್ಲ. ಹೊಯ್ಸಳ ರಾಮನಾಥನ ಕಾಲದ ದೊಮ್ಮಲೂರಿನ ತಮಿಳು ಬರಹ ಬಂತು, ಮಡಿವಾಳದ ಸೋಮೇಶ್ವರನ ಗುಡಿಯ ತಮಿಳು ಬರಹ ಬಂತು. ‘ಕರ್ನಾಟಿಕ’ ಅನ್ನೋ ಹೆಸರಿನ ಪುಸ್ತಕದಲ್ಲಿ ತಮಿಳು ಯಾಕೆ ಅಂತ ಯಾರಾದರೂ ಕೇಳಿದ್ದರೆ, ಕಲ್ಲು ಇರೋದು ಇಲ್ಲಿ, ಅದು ಹೇಳೋದು ಇಲ್ಲಿನ ಕೆರೆ, ಗದ್ದೆ, ಗುಡಿಯ ವಿಷಯ ಅನ್ನೋದೇ ಸಾಕಾದ ಉತ್ತರ. ದೊಮ್ಮಲೂರಿಗೆ ದೇಶಿಮಾಣಿಕ್ಕಪಟ್ಟಣ ಅಂತ ಇನ್ನೊಂದು ಹೆಸರಿತ್ತು ಅನ್ನೋದು ನಮಗೆ ಗೊತ್ತಾದದ್ದೇ ಆ ತಮಿಳು ಬರಹಗಳಿಂದ. ಅವನ್ನು ಪರರದ್ದು ಅಂತ ಬಿಟ್ಟಿದ್ದರೆ ಬೆಂಗಳೂರಿನ ಪೂರ್ವದಿಕ್ಕಿನ 13ನೇ ಶತಮಾನದ ಎಷ್ಟು ಭಾಗ ಕಳೆದುಹೋಗುತ್ತಿತ್ತು ಅಂತ ಯೋಚಿಸಿ. ರೈಸ್ ಕಲ್ಲಿಗೆ ಕೇಳಿದ ಪ್ರಶ್ನೆಯನ್ನ ನಮ್ಮ ಅಡುಗೆ ಪುಸ್ತಕ ಬರೆಯೋರು ಒಲೆಗೆ ಕೇಳಿಲ್ಲ. ನನ್ನ ತಕರಾರು ಅದೇ.

ಇನ್ನೊಂದು ಮಾತು. ಶಾಸನಕ್ಕೂ ಅಡುಗೆ ಬರಹಕ್ಕೂ ನಂಟು ನಾನು ಕಲ್ಪಿಸಿಕೊಂಡದ್ದಲ್ಲ. ನೈವೇದ್ಯಕ್ಕೆ, ಅಮೃತಪಡಿಗೆ ಬಿಟ್ಟ ದತ್ತಿಗಳು ನಮ್ಮ ಶಾಸನಗಳ ತುಂಬ ಇವೆ. ಖಂಡುಗ, ಕೊಳಗ, ಬಳ್ಳ, ಮಾನ, ಸೊಲಿಗೆ: ಅಳತೆಯಲ್ಲಿ ಅವು ಎಂದೂ ಜಿಪುಣವಲ್ಲ. ತಿರುಮಲೆಯ ಶಾಸನಗಳಂತೂ ಈ ವಿಷಯದಲ್ಲಿ ಭಂಡಾರ. ಅಪ್ಪಪಡಿ, ಅತಿರಸಪಡಿ, ದೋಸೆಪಡಿ ಅಂತ ಹೆಸರು ಹೇಳಿ, ಅಕ್ಕಿ ಇಷ್ಟು ಮರಕ್ಕಾಲು, ತುಪ್ಪ ಇಷ್ಟು ನಾಳಿ, ಬೆಲ್ಲ ಇಷ್ಟು ಪಲ, ಮೆಣಸು ಇಷ್ಟು ಅಂತ ಒಂದೊಂದಾಗಿ ಲೆಕ್ಕ ಕೊಡುತ್ತವೆ. ಪ್ರಸಾದದಲ್ಲಿ ದಾನಿಗೆ ಸಲ್ಲುವ ಕಾಲುಭಾಗದ ತನಕ ಬರೆದಿರುತ್ತೆ. ಆದರೆ ಅತಿರಸ ಮಾಡೋದು ಹೇಗೆ ಅಂತ ಒಂದಕ್ಷರ ಇಲ್ಲ. ಪಾಕ ಯಾವ ಹದಕ್ಕೆ ಬರಬೇಕು? ಅದು ಪರಿಚಾರಕನ ಕೈಗೆ ಗೊತ್ತು, ಕಲ್ಲಿಗೆ ಬೇಕಿಲ್ಲ.

ಗ್ರಂಥಗಳಲ್ಲಿ ಇದು ತಿರುಗುಮುರುಗು. ಚಾವುಂಡರಾಯನ ‘ಲೋಕೋಪಕಾರ’ (1025) ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ರುಬ್ಬಿ, ಮೊಸರಿನ ತಿಳಿಯಲ್ಲಿ ಕಲಸಿ, ಮೆಣಸು, ಜೀರಿಗೆ, ಕೊತ್ತಂಬರಿ, ಇಂಗು ಹಾಕೋ ಕ್ರಮ ಹೇಳುತ್ತೆ. ಅದು ನಮ್ಮ ಇಡ್ಲಿಯ ಪೂರ್ವಿಕ. 16ನೇ ಶತಮಾನದ ಆರಂಭದ ಮೂರನೆಯ ಮಂಗರಸ, ಕಲ್ಲಹಳ್ಳಿಯ ಒಡೆಯ, ಜೈನ, ತನ್ನ ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲಿ ಬರೆದ. ಅಡುಗೆ ಪುಸ್ತಕವನ್ನ ಹಾಡಿಕೊಳ್ಳೋ ಹಾಗೆ ಬರೆದಿದ್ದಾನಲ್ಲ, ಅದು ನೆನಪಿಡೋಕೆ ಅನುಕೂಲ, ಅಳೆಯೋಕೆ ಅಲ್ಲ. ಬದನೆಕಾಯಿ, ಹಲಸು, ಬಾಳೆ, ಕಳಲೆ ಇವುಗಳ ಬಗೆಬಗೆಯ ಪಾಕಗಳಲ್ಲಿ ಅವನ ರುಚಿ ಎದ್ದು ಕಾಣುತ್ತೆ. ತುಪ್ಪದಲ್ಲಿ ಹುರಿ, ಒಗ್ಗರಿಸು, ತುಂಬು ಅಂತ ಕ್ರಿಯಾಪದಗಳ ಸುರಿಮಳೆ. ಎಷ್ಟು ಅಂತ ಕೇಳಿದರೆ ಬಹಳ ಕಡೆ ಮೌನ. 2012ರಲ್ಲಿ ಮಧುಕರ ಕೊಣನತಂಬಿಗಿಯವರ ಇಂಗ್ಲಿಷ್ ಅನುವಾದ ಬಂದಮೇಲೆ ಹೊರಗಿನವರಿಗೂ ಮಂಗರಸ ಸಿಕ್ಕಿದ್ದಾನೆ. ಕನ್ನಡ ಓದುಗರೇ ಅವನನ್ನ ಮನೆಯಲ್ಲಿ ಮಾಡಿ ನೋಡಿದ್ದು ಕಡಿಮೆ.

ಮಂಗರಸನನ್ನ ಹೀಗೆ ಮಧ್ಯಕ್ಕೆ ತಂದದ್ದಕ್ಕೆ ಕಾರಣವಿದೆ. ‘ಸಾವಿರ ವರ್ಷದ ಕರ್ನಾಟಕದ ಅಡುಗೆ’ ಅಂತ ಈಗ ಎಲ್ಲೆಲ್ಲೂ ಕೇಳಿಬರುತ್ತಲ್ಲ, ಅಂಥ ಪುಸ್ತಕ ಸಿಕ್ಕರೆ ನಾನು ಮೊದಲು ನೋಡೋದು ಮೆಣಸಿನಕಾಯಿ. ಹಳೆಯ ಗ್ರಂಥಗಳ ‘ಮೆಣಸು’ ಕರಿಮೆಣಸು. ಮೆಣಸಿನಕಾಯಿ ಪೋರ್ಚುಗೀಸರ ಹಡಗಿನ ಬೆನ್ನಿಗೆ ಅಮೆರಿಕದಿಂದ ಬಂದದ್ದು. ಅದಕ್ಕೆ ಹೊಸ ಹೆಸರು ಹುಡುಕೋ ಗೋಜಿಗೆ ಹೋಗದೆ ಹಳೆಯ ಮೆಣಸಿಗೇ ಕಾಯಿ ಸೇರಿಸಿದೆವು. 11ನೇ ಶತಮಾನದ್ದು ಅಂತ ಹೇಳಿಕೊಳ್ಳುವ ಪಾಕದಲ್ಲಿ ಬ್ಯಾಡಗಿ ಇದ್ದರೆ ಅದು ನಮ್ಮ ಭಾಷೆಯಲ್ಲಿ ಕೂಟಶಾಸನ. ಗಂಗರ ತಾಮ್ರಪಟಗಳ ಮೇಲೆ ಫ್ಲೀಟ್ ಮತ್ತು ರೈಸ್ ನಡುವೆ ನಡೆದ ಜಗಳ ನೆನಪಿರಬಹುದು. ಫ್ಲೀಟ್‌ಗೆ ಅವುಗಳಲ್ಲಿ ಬಹಳಷ್ಟು ಖೋಟಾ ಅನ್ನಿಸಿದ್ದು ಅಕ್ಷರ ಮತ್ತು ತಿಥಿ ಹೊಂದದೇ ಹೋದದ್ದಕ್ಕೆ. ಅಡುಗೆಯಲ್ಲಿ ಆ ಕೆಲಸವನ್ನ ಟೊಮೇಟೊ, ಆಲೂಗಡ್ಡೆ, ಮೆಣಸಿನಕಾಯಿ ಮಾಡುತ್ತವೆ. ಇದು ದೋಷಾರೋಪಣೆ ಅಲ್ಲ. ಮೆಣಸಿನಕಾಯಿ ಹಾಕಿದ ಸಾರು ರುಚಿಯಾಗೇ ಇರುತ್ತೆ. ಪ್ರಾಚೀನ ಅನ್ನೋ ಮೊಹರು ಒತ್ತಬೇಡಿ ಅಷ್ಟೇ.

ದಂಡಿಗೆ ಮರಳೋಣ. ಅಲ್ಲಿನ ಅಡುಗೆಗೆ ಬರಹದ ದಾಖಲೆ ಇಲ್ಲ ಅನ್ನೋ ಹಾಗಿಲ್ಲ, ಇಂಗ್ಲಿಷಿನಲ್ಲಿ ಇದೆ. ಮದರಾಸಿನ ಸೇನೆಯ ಕರ್ನಲ್ ಕೆನ್ನಿ-ಹರ್ಬರ್ಟ್ ‘ವೈವರ್ನ್’ ಅನ್ನೋ ಹೆಸರಲ್ಲಿ 1878ರಲ್ಲಿ ‘ಕಲಿನರಿ ಜಾಟಿಂಗ್ಸ್ ಫಾರ್ ಮದ್ರಾಸ್’ ಬರೆದ. ಬೆಂಗಳೂರಿನ ದಂಡು ಅದೇ ಸೇನೆಯ ಲೋಕ, ಅದೇ ಊಟದ ಮೇಜು. ಪುಸ್ತಕ ಚೆನ್ನಾಗಿದೆ, ನಗು ತರಿಸುತ್ತೆ. ಮುಲ್ಲಿಗಟಾನಿ ಅನ್ನೋದು ತಮಿಳಿನ ಎರಡು ಪದ ಸೇರಿ ಆದದ್ದು, ಅರ್ಥ ಮೆಣಸಿನ ನೀರು ಅಂತ ಸರಿಯಾಗೇ ಬಿಡಿಸಿ ಹೇಳುತ್ತಾನೆ. ಆದರೆ ಅವನ ಅಡುಗೆಯವನಿಗೆ ಹೆಸರಿಲ್ಲ. ಎಲ್ಲರೂ ‘ರಾಮಸಾಮಿ’. ನಮ್ಮ ಎಷ್ಟೋ ಶಾಸನಗಳಲ್ಲಿ ಕೊನೇ ಸಾಲಿನಲ್ಲಿ ಬರೆದವನ, ಕಂಡರಿಸಿದ ರೂವಾರಿಯ ಹೆಸರು ಇರುತ್ತೆ. ಅಷ್ಟು ಮರ್ಯಾದೆ 1878ರ ಅಡುಗೆಯವನಿಗೆ ಸಿಗಲಿಲ್ಲ. ಅವನ ಕೈ ಎಲ್ಲಿ ಮುಗಿದು ಕರ್ನಲ್‌ನ ಮಾತು ಎಲ್ಲಿ ಶುರುವಾಗುತ್ತೆ ಅಂತ ಪುಸ್ತಕ ಓದಿ ಹೇಳೋಕಾಗಲ್ಲ.

ನಮ್ಮ ಕಾಲದಲ್ಲಿ ಈ ಕೊರತೆಯನ್ನ ಒಳಗಿನಿಂದ ತುಂಬಿದವರು ಬ್ರಿಜೆಟ್ ವೈಟ್-ಕುಮಾರ್. ಕೋಲಾರದ ಚಿನ್ನದ ಗಣಿ ಊರಿನಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ನೆಲೆಸಿದವರು. ‘ದಿ ಬೆಸ್ಟ್ ಆಫ್ ಆಂಗ್ಲೋ-ಇಂಡಿಯನ್ ಕ್ವಿಸೀನ್ – ಎ ಲೆಗಸಿ’, ‘ಫ್ಲೇವರ್ಸ್ ಆಫ್ ದಿ ಪಾಸ್ಟ್’ ಹೀಗೆ ಸಾಲುಸಾಲು ಪುಸ್ತಕ ತಂದಿದ್ದಾರೆ. ಹಳದಿ ತೆಂಗಿನಕಾಯಿ ಅನ್ನ, ಬಾಲ್ ಕರಿ, ಡೆವಿಲ್ ಚಟ್ನಿ. ಈ ಮೂರು ಸೇರಿದ ಊಟ ಆಂಗ್ಲೋ-ಇಂಡಿಯನ್ ಮನೆಗಳಲ್ಲಿ ಭಾನುವಾರದ ಮಧ್ಯಾಹ್ನಕ್ಕೆ ಎಷ್ಟು ಸಹಜವೋ ನಮ್ಮಲ್ಲಿ ಮುದ್ದೆ-ಉಪ್ಸಾರು ಅಷ್ಟೇ ಸಹಜ. ವೈಟ್-ಕುಮಾರ್ ಅವರ ‘ಪೆಪ್ಪರ್ ವಾಟರ್’ ಓದಿದಾಗ ನನಗಂತೂ ನಗು ಬಂತು. ಹುಣಸೆ, ಮೆಣಸು, ಜೀರಿಗೆ, ಬೆಳ್ಳುಳ್ಳಿ, ಕರಿಬೇವು, ಒಗ್ಗರಣೆ. ಇದು ಸಾರು ಕಣ್ರೀ. ಹೆಸರು ತಮಿಳಿನಿಂದ ಇಂಗ್ಲಿಷಿಗೆ ಪದಕ್ಕೆ ಪದ ಇಳಿದಿದೆ. ಕರ್ನಲ್‌ನ ಮೇಜಿನ ಮೇಲೆ ಅದೇ ಮೆಣಸಿನ ನೀರು ಮುಲ್ಲಿಗಟಾನಿ ಸೂಪ್ ಆಯಿತು, ದಂಡಿನ ಮನೆಗಳಲ್ಲಿ ಅನ್ನಕ್ಕೆ ಕಲಸೋ ಸಾರಾಗೇ ಉಳಿಯಿತು. ಒಂದೇ ಮೂಲದ ಎರಡು ಪಾಠ ಅಂತ ನಾವು ಹೇಳೋದು ಇಂಥದ್ದಕ್ಕೇ.

ಮೆಚ್ಚುಗೆ ಹೇಳಿದಮೇಲೆ ಆಕ್ಷೇಪವನ್ನೂ ಹೇಳಬೇಕು. ಈ ಪುಸ್ತಕಗಳಲ್ಲಿ ಅಳತೆ ಎಲ್ಲಾ ಕಪ್ಪು, ಟೀಚಮಚ. ಇವತ್ತಿನ ಅಡುಗೆಮನೆಗೆ ಅದು ಸರಿ, ಮಾಡಿದರೆ ಅಡುಗೆ ಕೂಡಿಬರುತ್ತೆ. ತಿನಿಸಿನ ಕತೆಯನ್ನೂ ಲೇಖಕಿ ಚೆನ್ನಾಗಿ ಹೇಳ್ತಾರೆ. ಆದರೆ ಒಂದು ಪಾಕದೊಳಗೆ ಅಮ್ಮನ ಕೈ ಎಷ್ಟು, ಅಜ್ಜಿಯದ್ದೆಷ್ಟು, ಪ್ರಕಟಣೆಗೆ ಅಂತ ಮಾಡಿಕೊಂಡ ಬದಲಾವಣೆ ಯಾವುದು ಅನ್ನೋದು ಸಾಲಿನಿಂದ ಸಾಲಿಗೆ ಬೇರ್ಪಡಿಸಿ ಕಾಣೋದಿಲ್ಲ. ಎಲ್ಲ ಪದರಗಳನ್ನೂ ಒಂದೇ ಮಟ್ಟಕ್ಕೆ ಉಜ್ಜಿದ ಹಾಗಿದೆ. ಅಡುಗೆ ಮಾಡೋರಿಗೆ ಇದು ಸಣ್ಣ ವಿಷಯ. ಮುಂದೊಂದು ದಿನ ಇದನ್ನೇ ಆಕರವಾಗಿ ಹಿಡಿಯೋರಿಗೆ ದೊಡ್ಡದು.

ಹೋಲಿಕೆಗೆ ಇನ್ನೊಂದು ಪುಸ್ತಕ. ಅರ್ಚನಾ ಪಿಡತಲ ತಮ್ಮ ಅಜ್ಜಿ ನಿರ್ಮಲಾ ರೆಡ್ಡಿಯವರ 1974ರ ತೆಲುಗು ‘ವನಿತಾ ವಂಟಕಾಲು’ವನ್ನು ಆಧಾರವಾಗಿಟ್ಟುಕೊಂಡು 2016ರಲ್ಲಿ ‘ಫೈವ್ ಮಾರ್ಸೆಲ್ಸ್ ಆಫ್ ಲವ್’ ತಂದರು. ರಾಯಲಸೀಮೆಯ ಮನೆಯ ಅಡುಗೆ. ಇಲ್ಲಿ ಮೂಲ ಇದೆ, ಮೂಲದ ವರ್ಷ ಇದೆ, ಬರೆದವರ ಹೆಸರಿದೆ, ಮೊಮ್ಮಗಳು ಏನು ಮಾಡಿದರು ಅನ್ನೋದಿದೆ. ಬೇಕಾದವರು 1974ಕ್ಕೆ ಹಿಂತಿರುಗಿ ತಾಳೆ ನೋಡಬಹುದು. ಸಂಪಾದನೆ ಅಂದರೆ ಇದೇ ಅಲ್ಲವೇ? ದಂಡಿನ ಯಾವುದಾದರೂ ಒಂದು ಮನೆಯ ನೋಟ್‌ಬುಕ್ಕಿಗೆ ಕನ್ನಡದಲ್ಲಿ ಇಷ್ಟು ಮಾಡಿದರೂ ಸಾಕಿತ್ತು.

ಒಂದು ಆಕ್ಷೇಪ ನನಗೇ ಹೊಳೆಯುತ್ತೆ. ಕಲ್ಲು ಬರೆದಮೇಲೆ ಮುಗಿಯಿತು, ಅಡುಗೆ ಪ್ರತಿಸಲ ಬದಲಾಗುತ್ತೆ. ಅದಕ್ಕೆ ಪಾಠ, ಪಾಠಾಂತರ ಅನ್ನೋ ಮಾತೇ ಸಲ್ಲದು ಅಂತ. ಅರ್ಧ ನಿಜ. ಆದರೆ ಶಾಸನವೂ ನಾವು ಅಂದುಕೊಂಡಷ್ಟು ಸ್ಥಿರ ಅಲ್ಲ. ಹಳೆಯ ದತ್ತಿಯನ್ನ ಶತಮಾನ ಕಳೆದು ಮತ್ತೆ ಕೊರೆಸಿದ್ದಿದೆ, ಕೊರೆಸುವಾಗ ಹೆಸರು, ಗಡಿ ತಿದ್ದಿದ್ದಿದೆ. ಬದಲಾವಣೆ ಇದೆ ಅಂತಲೇ ಅಲ್ಲವೇ ಸಂಪಾದಕ ಬೇಕಾಗೋದು.

ಈಗ ಆ ತರಕಾರಿಯ ವಿಷಯ. ತಿಳಿಹಸಿರು, ಸ್ವಲ್ಪ ಸುಕ್ಕು, ಪೇರಳೆಯಾಕಾರ. ಮಧ್ಯ ಅಮೆರಿಕದ ಮೂಲದ್ದು. ತಮಿಳಿನಲ್ಲಿ ಅದು ‘ಬೆಂಗಳೂರು ಕತ್ತರಿಕಾಯ್’, ತೆಲುಗಿನಲ್ಲಿ ‘ಬೆಂಗಳೂರು ವಂಕಾಯ’. ನೆರೆಯ ಎರಡು ಭಾಷೆಗಳೂ ಸೇರಿ ಇದು ನಿಮ್ಮೂರ ಬದನೆ ಅಂತ ನಮಗೆ ಬರೆದುಕೊಟ್ಟಿವೆ. ನಾವು ಏನಂತೀವಿ? ಸೀಮೆ ಬದನೆಕಾಯಿ. ಸೀಮೆಎಣ್ಣೆ, ಸೀಮೆಸುಣ್ಣದ ಸೀಮೆ, ಅಂದರೆ ಹೊರನಾಡಿಂದ ಬಂದದ್ದು. (ತಮಿಳಿನಲ್ಲೂ ‘ಸೀಮೈ’ ಅನ್ನೋ ಇನ್ನೊಂದು ಹೆಸರಿದೆ, ಮುಚ್ಚಿಡೋದು ಬೇಡ.) ಮಂಗರಸನ ಬದನೆ ಬೇರೆ, ಇದು ಬೇರೆ, ಅವನ ಗ್ರಂಥದಲ್ಲಿ ಇದನ್ನ ಹುಡುಕೋರು ಸಿಕ್ಕಿದ್ದಾರೆ, ಅದಕ್ಕೇ ಹೇಳಿದೆ. ಹೊರಗಿನವರೆಲ್ಲ ಬೆಂಗಳೂರಿನದ್ದು ಅನ್ನೋದನ್ನ ನಾವು ಹೊರಗಿನದ್ದು ಅನ್ನುತ್ತೇವೆ. ದಂಡಿನ ಅಡುಗೆಗೂ ನಾವು ಮಾಡಿರೋದು ಇದನ್ನೇ.

ಹಲಸೂರಿನ ಆ ನೋಟ್‌ಬುಕ್ಕಿನಲ್ಲಿ ಅದರ ಕೂಟು ಇದೆ. ಆಕೆ ಬರೆದಿರೋದು ‘ಸೀಮೆ ಕತ್ತರಿಕಾಯ್’ ಅಂತ. ಬೆಂಗಳೂರಲ್ಲೇ ಕೂತು ಬರೆಯೋಳಿಗೆ ಬೆಂಗಳೂರು ಅಂತ ಸೇರಿಸೋ ಅಗತ್ಯ ಏನಿತ್ತು? ಕಡಲೆಬೇಳೆ ಒಂದು ಪಾವು, ಅರ್ಧ ಕಾಯಿ ತುರಿ, ಜೀರಿಗೆ, ಎರಡು ಒಣಮೆಣಸಿನಕಾಯಿ, ಒಂದು ಹಿಡಿ ಸಣ್ಣ ಈರುಳ್ಳಿ. ಪಕ್ಕದ ಪುಟದಲ್ಲಿ, ಅದೇ ಕೈಯಲ್ಲಿ, ‘ಕ್ರಿಸ್‌ಮಸ್ ಮನೆಯವರ ಕುಲ್‌ಕುಲ್’ ಅಂತ ಇದೆ. ಅಂದರೆ ನೆರೆಮನೆಯಿಂದ ಕೇಳಿ ಬರೆದುಕೊಂಡದ್ದು. ಅದರ ಕೆಳಗೆ ‘ಮೈದಾ ಎರಡು ಪಾವು, ಕಾಯಿಹಾಲು’, ಆಮೇಲೆ ‘ಪೋರ್ಕ್‌ನಿಂದ ಒತ್ತು’ ಅನ್ನೋ ಹಾಗೆ ಓದಿದೆ. ಗಾಬರಿಯಾಯಿತು. ಆಮೇಲೆ ಹೊಳೆಯಿತು, ಅದು ಫೋರ್ಕ್. ಮಹಾಪ್ರಾಣದ ಸೀಳು ಪೆನ್ಸಿಲ್ಲಿನಲ್ಲಿ ಸವೆದುಹೋಗಿತ್ತು. ಕಲ್ಲಿನಲ್ಲಿ ಇಂಥ ಒಂದು ಸೀಳಿಗಾಗಿ ನಾವು ಎಷ್ಟು ಪುಟ ವಾದ ಮಾಡಿದ್ದೇವೋ!

ಓದುಗರಲ್ಲಿ ಶಿವಾಜಿನಗರ, ಫ್ರೇಜರ್ ಟೌನ್, ಹಲಸೂರು, ಕೃಷ್ಣರಾಜಪುರದ ಕಡೆಯವರಿದ್ದರೆ ಮನೆಯಲ್ಲಿ ಇಂಥ ನೋಟ್‌ಬುಕ್ ಇದೆಯಾ ಅಂತ ನೋಡಿ. ಯಾವ ಲಿಪಿಯಾದರೂ ಸರಿ, ದಖ್ಖನಿ ಮಾತನ್ನ ಕನ್ನಡದಲ್ಲಿ ಬರೆದಿದ್ದರಂತೂ ಇನ್ನೂ ಒಳ್ಳೇದು. ಫೋಟೊ ತೆಗೆಯುವಾಗ ಪುಟದ ಅಂಚನ್ನ ಕತ್ತರಿಸಬೇಡಿ, ಕಲೆಗಳನ್ನ ಅಳಿಸಬೇಡಿ. ಯಾರು ಬರೆದದ್ದು, ಯಾವ ಬೀದಿಯ ಮನೆ, ಆಮೇಲೆ ತಿದ್ದಿದವರು ಯಾರು ಅನ್ನೋದನ್ನ ಕೇಳಿ ಗುರುತು ಹಾಕಿಟ್ಟುಕೊಳ್ಳಿ. ಕೇಳೋಕೆ ಜನ ಇರುವಾಗಲೇ ಕೇಳಿ.

ಕೂಟಿನ ಕೊನೆಯ ಎರಡು ಸಾಲು ಎಣ್ಣೆ ಕುಡಿದು ಪೂರ್ತಿ ಹೋಗಿವೆ. ನಕಲಿನಲ್ಲಿ ಆ ಜಾಗದಲ್ಲಿ ರೂಢಿಯಂತೆ ಚುಕ್ಕೆ ಹಾಕಿದ್ದೆ. ಗೆಳೆಯರ ತಾಯಿ ಅದನ್ನ ನೋಡಿ, ಇದೇನು ಚುಕ್ಕೆ ಅಂತ ಕೇಳಿದರು. ಅಕ್ಷರ ತ್ರುಟಿತ ಅಂದೆ. “ಒಗ್ಗರಣೆಗೆ ಉದ್ದಿನಬೇಳೆ ಕೆಂಪಾಗ್ಬೇಕು, ಸಾಸಿವೆ ಅಲ್ಲ” ಅಂತ ಹೇಳಿ ಒಳಗೆ ಹೋದರು.